1921ರ ‘ದಿ ತ್ರೀ ಮಸ್ಕಿಟಿಯರ್ಸ್’ ಮೂಕಿ: ಡಾರ್ಟಾನಿಯನ್‌ನ ಬಡತನ ಎಲ್ಲಿ ಹೋಯಿತು?

ಹಳೇರೀಲು:
ಡಗ್ಲಾಸ್ ಫೇರ್‌ಬ್ಯಾಂಕ್ಸ್ ನಟಿಸಿ ಫ್ರೆಡ್ ನಿಬ್ಲೊ ನಿರ್ದೇಶಿಸಿದ ಈ ಮೂಕಿ ಚಿತ್ರವನ್ನು ಕಳೆದ ವಾರ ನೋಡಿದೆ. ಅಲೆಕ್ಸಾಂಡರ್ ಡ್ಯೂಮಾ ಅವರ ಕಾದಂಬರಿಯನ್ನು ಮೊದಲೇ ಓದಿದ್ದರಿಂದ ಒಂದು ಅನುಮಾನ ಉಳಿದುಕೊಂಡಿದೆ. ಕಾದಂಬರಿಯ ನಾಯಕ ಡಾರ್ಟಾನಿಯನ್, ಮಸ್ಕಿಟಿಯರ್ (ರಾಜನ ಕಾವಲು ಪಡೆಯ ಸೈನಿಕ) ಆಗಲು ಪ್ಯಾರಿಸ್ಸಿಗೆ ಹೊರಟ 18ರ ಹಳ್ಳಿ ಹುಡುಗ. ತಂದೆ ಕೊಟ್ಟ 15 ಬೆಳ್ಳಿ ನಾಣ್ಯ, ಕಂಡವರೆಲ್ಲ ನಗುವ ಒಂದು ಹಳದಿ ಕುದುರೆ, ಒಂದು ಶಿಫಾರಸು ಪತ್ರ, ಇಷ್ಟೇ ಅವನ ಬಂಡವಾಳ. ಚಿತ್ರದಲ್ಲಿ ಕುದುರೆಯೇನೋ ಇದೆ, ಕೈಯಲ್ಲಿ ಕಾಸಿಲ್ಲದವನ ಸಂಕಟ ಮಾತ್ರ ನನಗೆ ಕಾಣಲಿಲ್ಲ. ಇದು ಮೂಕಿಯ ಮಿತಿಯೇ, ಅಥವಾ ನಟನ ಆಯ್ಕೆಯೇ?

ಕತ್ತಿವರಸೆ:
ಮೂಕಿಯ ಮಿತಿ ಎಂಬುದನ್ನು ನಾನು ಒಪ್ಪುವುದಿಲ್ಲ. ಕಾದಂಬರಿಯಲ್ಲಿ ಹಣದ ಪರದಾಟ ಮುಖ್ಯವಾಗಿ ಬರುವುದು ರಾಣಿ ತನ್ನ ಪ್ರೇಮಿಗೆ ಕೊಟ್ಟಿದ್ದ ವಜ್ರಗಳನ್ನು ಡಾರ್ಟಾನಿಯನ್ ಮರಳಿ ತರುವ ಪ್ರಸಂಗ ಮುಗಿದ ಮೇಲೆ. ಲಾ ರೊಶೆಲ್ ನಗರದ ಮುತ್ತಿಗೆಗೆ ಹೊರಡುವ ಮುನ್ನ ಕುದುರೆ, ಜೀನು, ಆಯುಧಗಳನ್ನು ಅವರವರೇ ಹೊಂದಿಸಿಕೊಳ್ಳಬೇಕಾದಾಗ, ಅವನ ಮಸ್ಕಿಟಿಯರ್ ಗೆಳೆಯರಲ್ಲಿ ಅಥಾಸ್ ಕೋಣೆ ಬಿಟ್ಟು ಕದಲುವುದಿಲ್ಲ. ಪೋರ್ಥಾಸ್ ಒಬ್ಬ ಜಿಪುಣ ವಕೀಲನ ಹೆಂಡತಿಯನ್ನು ಓಲೈಸಲು ಹೋಗಿ ಆ ಮನೆಯ ನೀರುಸಾರನ್ನೂ ಸಹಿಸಿಕೊಳ್ಳುತ್ತಾನೆ. ಚಿತ್ರವು ವಜ್ರಗಳ ಪ್ರಸಂಗಕ್ಕೇ ನಿಂತುಬಿಡುವುದರಿಂದ ಇದೆಲ್ಲ ಹೊರಗುಳಿಯಿತು.

ಬಡತನವನ್ನು ತೋರಿಸಲು ಮಾತೇ ಬೇಕೆಂದಿಲ್ಲ. ಪೋರ್ಥಾಸ್‌ನ ಭುಜಪಟ್ಟಿಯನ್ನು ನೆನಪಿಸಿಕೊಳ್ಳಿ: ಮುಂದೆ ಚಿನ್ನದ ಕಸೂತಿ, ಬೆನ್ನ ಕಡೆ ಬರೀ ತೊಗಲು. ಅದನ್ನು ಮುಚ್ಚಿಡಲು ನೆಗಡಿಯ ನೆಪ ಹೇಳಿ, ನಿಲುವಂಗಿ ಹೊದ್ದು, ಸುಳ್ಳು ಕೆಮ್ಮು ಕೆಮ್ಮುತ್ತಾನೆ. ಮೂಕಿಗೆ ಹೇಳಿಮಾಡಿಸಿದ ಸನ್ನಿವೇಶವದು.

ಮೂಕಮೋಡಿ:
ಕಥೆ ಅರ್ಧಕ್ಕೆ ನಿಂತಿದ್ದಷ್ಟೇ ಕಾರಣವೆಂದು ನನಗನ್ನಿಸುವುದಿಲ್ಲ. ಫೇರ್‌ಬ್ಯಾಂಕ್ಸ್ ಅವರಿಗೆ ಆಗ 38 ವರ್ಷ. ಕಾದಾಟದ ನಡುವೆ ಒಂದೇ ಕೈಯೂರಿ ಲಾಗ ಹಾಕಿ ನೆಲದ ಮೇಲಿನ ಕತ್ತಿಯನ್ನು ಎತ್ತಿಕೊಳ್ಳುವ ಆ ಮೈಯಲ್ಲಿ ಹಸಿವಿನ ಸುಳಿವೇ ಇಲ್ಲ. ಅವರೊಡನೆ 1919ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಚಿತ್ರಸಂಸ್ಥೆ ಸ್ಥಾಪಿಸಿದ ಚಾಪ್ಲಿನ್ ಅವರ ‘ದಿ ಕಿಡ್’ ಕೂಡ 1921ರದೇ. ಅದರಲ್ಲಿ ಹರಿದ ಕಂಬಳಿಯ ತೂತಿನಿಂದ ತಲೆ ಹೊರಹಾಕಿ ಅದನ್ನೇ ಅಂಗಿಯಂತೆ ತೊಡುವ ಒಂದು ಕ್ಷಣ ಎಷ್ಟೆಲ್ಲ ಹೇಳುತ್ತದೆ! ಫೇರ್‌ಬ್ಯಾಂಕ್ಸ್ ಅವರಿಗೆ ಬೇಕಾಗಿದ್ದುದು ಬಡವನಲ್ಲ, ಯಾವುದಕ್ಕೂ ಹೆದರದವನು. ಅವರ 1929ರ ‘ದಿ ಐರನ್ ಮಾಸ್ಕ್’ ನೋಡಿ; ಅಲ್ಲಿ ಇದೇ ಡಾರ್ಟಾನಿಯನ್ ವಯಸ್ಸಾಗಿ ಸಾಯುತ್ತಾನೆ, ಪಾತ್ರದ ಭಾರ ಅಲ್ಲಿ ತಿಳಿಯುತ್ತದೆ.

ಹಳೇರೀಲು:
ಇಬ್ಬರಿಗೂ ಧನ್ಯವಾದಗಳು. ಭುಜಪಟ್ಟಿಯ ಪ್ರಸಂಗ ಮರೆತೇಹೋಗಿತ್ತು. ಆದರೂ ನಾನು ತೆರೆಯ ಮೇಲೆ ಹುಡುಕುತ್ತಿದ್ದುದು ಬೇರೊಂದು ಪುಟವನ್ನು. ‘ಎಂದೂ ಮಾರಬೇಡ’ ಎಂದು ತಂದೆ ಕೊಟ್ಟ ಕುದುರೆಯನ್ನು ಪ್ಯಾರಿಸ್ಸಿನ ಹೆಬ್ಬಾಗಿಲಲ್ಲೇ 3 ನಾಣ್ಯಕ್ಕೆ ಮಾರಿದವನು, ಬಾಡಿಗೆ ಕೋಣೆಯಲ್ಲಿ ಕುಳಿತು, ತಾಯಿ ಅಪ್ಪನ ಅಂಗಿಯಿಂದ ಬಿಚ್ಚಿಕೊಟ್ಟ ಅಂಚನ್ನು ತನ್ನ ಬಟ್ಟೆಗೆ ತಾನೇ ಹೊಲಿದುಕೊಳ್ಳುತ್ತಾನಲ್ಲ, ಅದನ್ನು.