ಕಥೆ ಓದಿ ಅತ್ತಿಗೆ ಮುನಿಸಿಕೊಂಡಿದ್ದಾರೆ, ಬರೆಯುವುದನ್ನೇ ಬಿಟ್ಟುಬಿಡಲೇ?

ಹಿಂದಿನ ಸಂಚಿಕೆಯ ಸಮಸ್ಯೆ: ನನಗೆ 43 ವರ್ಷ. ಹತ್ತು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಅಚ್ಚಾದದ್ದು ಮೂರೇ. ಮೂರನೆಯದನ್ನು ಓದಿದ ಅತ್ತಿಗೆ ‘ಇದು ನನ್ನ ಕಥೆ’ ಎಂದು ಮಾತು ಬಿಟ್ಟಿದ್ದಾರೆ. ಮನೆಯಲ್ಲಿ ‘ಇದರಿಂದ ಏನು ಸಿಕ್ಕಿತು?’ ಅಂತಾರೆ. ನಿಲ್ಲಿಸಿಬಿಡಲೇ?

ಖಂಡಿತ ನಿಲ್ಲಿಸಬೇಡಿ. ಆದರೆ ಮೊದಲು ಅತ್ತಿಗೆಯ ಮನೆಗೆ ಹೋಗಿ ಬನ್ನಿ. ನನಗೂ ಹೀಗೇ ಆಗಿತ್ತು. ಚಿಕ್ಕಮ್ಮ ಬಳೆ ಅಡವಿಟ್ಟು ಮಗನ ಫೀಸು ಕಟ್ಟಿದ್ದನ್ನು ಕಥೆ ಮಾಡಿದ್ದೆ. ಹೆಸರು ಬದಲಿಸಿದ್ದೆ, ಅಷ್ಟೇ. ಅವರು ಆರು ತಿಂಗಳು ನಮ್ಮನೆ ಮೆಟ್ಟಿಲು ಹತ್ತಲಿಲ್ಲ. ಕೊನೆಗೆ ನಾನೇ ಹೋದೆ. ‘ಕಥೆ ಬರೆದದ್ದಕ್ಕೆ ಬೇಜಾರಿಲ್ಲ ಕಣೇ, ಬಳೆ ವಿಷಯ ನಿನ್ನ ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ’ ಎಂದರು. ನನಗೆ ಉಸಿರೇ ನಿಂತ ಹಾಗಾಯಿತು. ಆಮೇಲೆ ಪುಸ್ತಕ ಮಾಡುವಾಗ ಬಳೆ ತೆಗೆದು ಹೊಲಿಗೆ ಮಿಷನ್ ಹಾಕಿದೆ, ಊರು ಬದಲಿಸಿದೆ. ಸಂಕಟ ಹಾಗೇ ಉಳಿಯಿತು, ಗುರುತು ಹೋಯಿತು. ಕಥೆ ಮೊದಲಿಗಿಂತ ಚೆನ್ನಾಯಿತು ಕೂಡ.

ದುಡ್ಡಿನ ಮಾತು ಬಿಡಿ. ನನ್ನ ಮೊದಲ ಸಂಕಲನಕ್ಕೆ ಪ್ರಕಾಶಕರು ಕೊಟ್ಟದ್ದು 50 ಪ್ರತಿ ಮಾತ್ರ. ಅದರಲ್ಲೂ ಸುಮ್ನೆ ಹಂಚಿದ್ದೇ ಜಾಸ್ತಿ. ಆದರೆ ಗದಗಿನಿಂದ ಒಂದು ಕಾರ್ಡ್ ಬಂತು. ‘ನಿಮ್ಮ ಕಥೆ ಓದಿ ಅಮ್ಮನಿಗೆ ಫೋನ್ ಮಾಡಿದೆ, ಮಾತಾಡಿ ಎರಡು ವರ್ಷ ಆಗಿತ್ತು’ ಅಂತ ಇತ್ತು. ಅದನ್ನು ನಿಘಂಟಿನೊಳಗೆ ಇಟ್ಟಿದ್ದೇನೆ. ಪದ ಹುಡುಕುವಾಗೆಲ್ಲ ಕೈಗೆ ಸಿಗುತ್ತದೆ. ಏನು ಸಿಕ್ಕಿತು ಅಂತ ಯಾರಾದರೂ ಕೇಳಿದರೆ ಅದನ್ನೇ ತೋರಿಸುತ್ತೇನೆ.
– ನಿವೃತ್ತ ಶಿಕ್ಷಕಿ, ಶಿರಸಿ

ವಯಸ್ಸಿನ ಚಿಂತೆಯೂ ನಿಮಗೆ ಇದ್ದಂತಿದೆ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಲೆಕ್ಕ ಹಾಕಿ ನೋಡಿ. ಹನ್ನೆರಡಕ್ಕೇ ಮದುವೆಯಾದ ಹೆಣ್ಣುಮಗಳು ಅವರು. 1976ರ ‘ಫಣಿಯಮ್ಮ’ಕ್ಕೆ ಮೂಲ, ಅವರು ಚಿಕ್ಕಂದಿನಲ್ಲಿ ಕಂಡಿದ್ದ ವಿಧವೆಯೊಬ್ಬರ ನಿಜವಾದ ಬದುಕು. ಹತ್ತಿರದವರ ಬದುಕನ್ನು ಬರೆಯುವುದೇ ತಪ್ಪು ಅನ್ನುವುದಾದರೆ ಆ ಪುಸ್ತಕ ನಮಗೆ ಸಿಗುತ್ತಲೇ ಇರಲಿಲ್ಲ ಅಲ್ವಾ? ಎಷ್ಟು ಮರ್ಯಾದೆಯಿಂದ ಬರೆದಿದ್ದಾರೆ ಅನ್ನುವುದನ್ನು ಮತ್ತೊಮ್ಮೆ ಓದಿ ನೋಡಿ.
– ಗ್ರಂಥಾಲಯದ ಖಾಯಂ ಓದುಗ, ತುಮಕೂರು

ನಾನು ನಿಮ್ಮ ಅತ್ತಿಗೆಯ ಜಾಗದಲ್ಲಿ ಇದ್ದವಳು. ತಂಗಿಯ ಕಥೆಯಲ್ಲಿ ನನ್ನ ಜಗಳ, ನನ್ನ ಬೈಗುಳ ಎಲ್ಲ ಇತ್ತು. ತುಂಬ ನೋವಾಯಿತು. ಬರೆದಳು ಅನ್ನುವುದಕ್ಕಿಂತ, ಪತ್ರಿಕೆಯಲ್ಲಿ ನೋಡಿ ನನಗೆ ಗೊತ್ತಾಯಿತಲ್ಲ, ಅದು. ಹಾಗೆಂದು ಅವಳಿಗೇ ಹೇಳಿದೆ. ಅತ್ತುಬಿಟ್ಟಳು. ಈಗ ಎಲ್ಲಿಗೇ ಕಳಿಸುವ ಮುಂಚೆ ನನಗೆ ಫೋನಿನಲ್ಲಿ ಓದಿ ಹೇಳುತ್ತಾಳೆ. ಹೋದ ವಾರ ‘ಮಗ ಬಂದ ದಿನ ಆ ಅತ್ತೆ ಅಷ್ಟೊಂದು ಮಾತಾಡಲ್ಲ ಕಣೇ, ಸುಮ್ಮನೆ ತಟ್ಟೆ ಹಾಕ್ತಾಳೆ’ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಪೆನ್ನು ಹುಡುಕುತ್ತಿದ್ದಳಂತೆ.
– ಗೃಹಿಣಿ, ಹಾಸನ