ಟ್ರಂಕಿನಲ್ಲಿ ಸಿಕ್ಕ ಅಡವು ಪತ್ರ

ಗುಂಪು: ನಮ್ಮ ಮನೆಮಂದಿ, ಕಲಬುರಗಿ

ಶಹಾಬಾದ್ ಕಾಕಾ: (ಫೋಟೋ) ಹಳೆ ಟ್ರಂಕಿನಲ್ಲಿ ಈ ಉರ್ದು ಪತ್ರ ಸಿಕ್ಕಿತು. ಅಪ್ಪ ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಗಣಿಗೆ ಹೋಗುವಾಗ ಹೊಲ ಅಡ ಇಟ್ಟದ್ದು. ಇಸವಿ 1337 ಅಂತ ಇದೆ. ಅಂದರೆ 1918, ಜ್ವರದ ಬೇನೆ ಬಂದ ವರ್ಷ. ವಂಶವೃಕ್ಷದಲ್ಲಿ ಹೀಗೆ ಬರೆದಿದ್ದೇನೆ: ‘1918ರಲ್ಲಿ ಒಬ್ಬರೇ ಗಣಿಗೆ ಹೋದರು, ಊರಿಗೆ ಬಂದ ಮೇಲೆ ಮದುವೆ.’

ನನ್ನ ತಮ್ಮ: ಭಾರಿ ಪತ್ರ ಕಾಕಾ! ಜೋಪಾನವಾಗಿ ಇಡಿ, ಮಡಿಚಿದಲ್ಲಿ ಹರಿಯುತ್ತಿದೆ.

ನಾನು: ಕಾಕಾ, ಇಸವಿ ಅದಲ್ಲ ಅನ್ನಿಸುತ್ತದೆ. ನೀವು ಹಿಜರಿ ಲೆಕ್ಕ ಹಿಡಿದಿದ್ದೀರಿ. ನಿಜಾಮರ ಕಾಲದಲ್ಲಿ ಹೊಲ, ಕಂದಾಯದ ಕಾಗದಕ್ಕೆ ಫಸಲಿ ವರ್ಷ, ಅಂದರೆ ಬೆಳೆ-ಕಂದಾಯದ ಲೆಕ್ಕದ ವರ್ಷ, ಹಾಕುತ್ತಿದ್ದರು. ಫಸಲಿಗೆ 590 ಇಲ್ಲಾ 591 ಕೂಡಿಸಬೇಕು. 1337 ಅಂದರೆ 1927-28 ಆಗುತ್ತದೆ. ಫೋಟೋವನ್ನ ನಮ್ಮ ಓಣಿಯ ಉರ್ದು ಮಾಸ್ತರರಿಗೆ ತೋರಿಸಿದೆ. ತಿಂಗಳು ‘ಖುರ್ದಾದ್’ ಅಂತ ಇದೆಯಂತೆ. ಹಿಜರಿಯಲ್ಲಿ ಮೊಹರಂ, ರಂಜಾನ್ ಇರುತ್ತವೆ. ಖುರ್ದಾದ್ ಫಸಲಿಯ ಏಳನೇ ತಿಂಗಳು, ಸುಮಾರು ಏಪ್ರಿಲ್. ಜೋಳದ ರಾಶಿ ಮುಗಿದ ಮೇಲೆ, ಬೇಸಿಗೆಯಲ್ಲಿ, ಕೈಯಲ್ಲಿ ಕೆಲಸ ಇಲ್ಲದಾಗ ಹೊರಟಿದ್ದಾರೆ. ಸರಿಯಾಗಿ ಕೂಡುತ್ತದೆ ಅಲ್ವಾ?

ಶಹಾಬಾದ್ ಕಾಕಾ: ಹತ್ತು ವರ್ಷದ ವ್ಯತ್ಯಾಸಕ್ಕೆ ಇಷ್ಟು ವಾದ ಯಾಕೆ?

ನಾನು: ಹತ್ತು ವರ್ಷದಲ್ಲೇ ನಮ್ಮ ಆಯಿ, ನಿಮ್ಮ ಅವ್ವ, ಇದ್ದಾಳೆ ಕಾಕಾ. 1918ರಲ್ಲಿ ಅವಳಿಗೆ ಏಳು ವರ್ಷ. 1928ರಲ್ಲಿ ಮದುವೆಯಾಗಿತ್ತು. ಮುತ್ಯಾ, ಅಂದರೆ ನಿಮ್ಮ ಅಪ್ಪ, ಒಬ್ಬರೇ ಹೋಗಿಲ್ಲ. ವಾಡಿಯಲ್ಲಿ ರೈಲು ಹತ್ತಿ, ಸಿಕಂದರಾಬಾದ್, ಡೋರ್ನಕಲ್ ದಾಟಿ ಸಿಂಗರೇಣಿ ಗಣಿಯ ಊರು ಯೆಲ್ಲಂದಿಗೆ ಇಬ್ಬರೂ ಹೋಗಿದ್ದಾರೆ. ನೀವು ಬರೆದದ್ದನ್ನ ಓದಿದರೆ ಅವಳು ಊರಲ್ಲೇ ಇದ್ದಳು ಅನ್ನಿಸುತ್ತದೆ.

ಶಹಾಬಾದ್ ಕಾಕಾ: ಹೋಗಿದ್ದರೂ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ಗಣಿ ಕೆಲಸಕ್ಕೆ ಹೆಂಗಸರಿಗೆ ಕಾನೂನೇ ಅಡ್ಡ. ಅವ್ವ ಹೇಳುತ್ತಿದ್ದದ್ದು ‘ಬಾಯಿ ಕೆಲಸ’ ಅಂತ, ಬಾಯಿ ಅಂದರೆ ಬಾವಿ. ಊರ ಬಾವಿ ತೋಡುವಾಗ ಮಣ್ಣು ಹೊತ್ತದ್ದು ಅದು. ಇಲ್ಲದ್ದನ್ನ ಸೇರಿಸಬೇಡ.

ಸೇಡಂ ಅತ್ತಿ: ತಮ್ಮಾ, ಬೆರಳು ನಡುಗುತ್ತವೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ಅಲ್ಲಿನ ತೆಲುಗು ಮಂದಿ ಗಣಿಗೇ ‘ಬಾಯಿ’ ಅನ್ನುತ್ತಾರೆ. ನೀನು ಹುಟ್ಟಿದ್ದು ಊರಿಗೆ ಬಂದ ಮೇಲೆ, ನಿನಗೆ ಗೊತ್ತಿಲ್ಲ. ನಾನು ಹುಟ್ಟಿದ್ದು ಕೊತ್ತಗೂಡೆಂನಲ್ಲಿ, ಅದೂ ಸಿಂಗರೇಣಿ ಗಣಿಯ ಊರೇ. ಅವ್ವ ಬುಟ್ಟಿಯಲ್ಲಿ ಇದ್ದಲಿ ಹೊತ್ತು ವ್ಯಾಗನ್ನಿಗೆ ತುಂಬುತ್ತಿದ್ದಳು. ಸಂಜೆ ಬಂದು ಮೊದಲು ಕೈ ತೊಳೆಯುತ್ತಿದ್ದಳು. ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಆ ಕೈಯಿಂದ ರೊಟ್ಟಿ ಬಡಿಯುತ್ತಿದ್ದಳು. ನಾನು ತಿಂದಿದ್ದೇನೆ.

ನನ್ನ ತಮ್ಮ: ಅತ್ತಿ, ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?

ಸೇಡಂ ಅತ್ತಿ: ಯಾರೂ ಕೇಳಲಿಲ್ಲಪ್ಪ.

ನಾನು: ಕಾಕಾ, ನೀವು ಹೇಳುವ ಕಾನೂನು 1952ರ ಗಣಿ ಕಾಯ್ದೆ ಇರಬೇಕು. ಅದು ತಡೆದದ್ದು ಹೆಂಗಸರು ನೆಲದಡಿ ಇಳಿಯುವುದನ್ನ. ಮೇಲಿನ ಕೆಲಸ ಬೆಳಿಗ್ಗೆ 6ರಿಂದ ಸಂಜೆ 7ರ ತನಕ ಮಾಡಬಹುದಿತ್ತು. ಅಷ್ಟರಲ್ಲಿ ಇವರು ಊರಿಗೆ ಬಂದು ಎಷ್ಟೋ ವರ್ಷ ಆಗಿತ್ತು. ಕಲ್ಲಿದ್ದಲು ಗಣಿಯ ಭವಿಷ್ಯ ನಿಧಿ ಕಾಯ್ದೆ ಬಂದದ್ದೂ 1948ರಲ್ಲಿ, ಹಾಗಾಗಿ ಆ ದಾಖಲೆಗಳಲ್ಲಿ ಹುಡುಕಿದರೂ ಆಯಿಯ ಹೆಸರು ಸಿಗಲ್ಲ. ನಮ್ಮ ಹತ್ತಿರ ಇರುವುದು ಅತ್ತಿಯ ಮಾತು ಮಾತ್ರ. ದಯವಿಟ್ಟು ಅದನ್ನ ಬಿಡಬೇಡಿ. ಈ ಭಾನುವಾರ ಸೇಡಂಗೆ ಹೋಗಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತೇನೆ.

ಶಹಾಬಾದ್ ಕಾಕಾ: ನಾನು ಸುಮ್ನೆ ಹಟ ಮಾಡಿಲ್ಲ. ನಮ್ಮವ್ವ ಕೂಲಿ ಮಾಡಿದಳು ಅಂತ ನಾಲ್ಕು ಮಂದಿ ಓದುವುದು ನನಗೆ ಸಂಕಟ.

ಸೇಡಂ ಅತ್ತಿ: ಆ ದುಡ್ಡಿನಲ್ಲೇ ಹೊಲ ಬಿಡಿಸಿಕೊಂಡರು ತಮ್ಮಾ. ನೀನು ಓದಿದ್ದು ಅದೇ ಹೊಲದ ಜೋಳ ಮಾರಿ.

(ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ರಾತ್ರಿ ಹತ್ತಕ್ಕೆ ಕಾಕಾ ಮತ್ತೆ ಬಂದರು.)

ಶಹಾಬಾದ್ ಕಾಕಾ: ಖುರ್ದಾದ್ ಹೌದೋ ಅಲ್ಲವೋ ಇನ್ನೊಬ್ಬರ ಹತ್ತಿರ ಓದಿಸುತ್ತೇನೆ. ಅಲ್ಲಿಯ ತನಕ ಇಸವಿಯ ಜಾಗ ಖಾಲಿ ಇರಲಿ. ಅಕ್ಕ, ಅವ್ವನ ಹೆಸರಿನ ಮುಂದೆ ಏನು ಬರೆಯಲಿ?

ಸೇಡಂ ಅತ್ತಿ: ಅಪ್ಪನ ಹೆಸರಿನ ಮುಂದೆ ಏನು ಬರೆದಿದ್ದೀಯ?

ಶಹಾಬಾದ್ ಕಾಕಾ: ಗಣಿ ಕಾರ್ಮಿಕ.

ಸೇಡಂ ಅತ್ತಿ: ಅದನ್ನೇ ಬರಿ.