ಹತ್ತು ಸಾವಿರದಲ್ಲಿ ಸಂಗೀತ ಪಾಠದ ವಿಡಿಯೊ: ನನಗೆ ಗೊತ್ತಾದದ್ದು

ಮನೆಯಲ್ಲೇ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೀರಿ, ಸರಳೆ ವರಸೆಯಿಂದ (ಮೊದಲು ಕಲಿಸುವ ಸ್ವರಗಳ ಅಭ್ಯಾಸ) ಗೀತೆಗಳವರೆಗೆ ವಿಡಿಯೊ ಮಾಡಬೇಕು, ಕೈಯಲ್ಲಿರುವುದು 10,000 ರೂಪಾಯಿ, ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೀರಿ. ಕ್ಯಾಮೆರಾ ತಗೊಳ್ಳಲೇಬೇಡಿ. ಈಗಿರುವ ಫೋನೇ ಸಾಕು. ದುಡ್ಡು, ಗಮನ ಎರಡೂ ಸದ್ದಿನ ಕಡೆ ಹೋಗಲಿ. ಮಗು ಪಾಠ ಕಲಿಯುವುದು ಕಿವಿಯಿಂದ ಅಲ್ವಾ?

ನಾನು ಇಂಥದ್ದೇ ಪಾಠಗಳನ್ನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ಮೊದಲ ಹನ್ನೊಂದು ವಿಡಿಯೊಗಳನ್ನು ಪೂರ್ತಿ ಅಳಿಸಿ ಮತ್ತೆ ಹಾಡಬೇಕಾಯಿತು. ಕಾರಣ ತಂಬೂರಿ. ಹಾಡುವಾಗ ಪಕ್ಕದಲ್ಲೇ ತಂಬೂರಿಯ ಸದ್ದು ಕೊಡುವ ಶ್ರುತಿ ಪೆಟ್ಟಿಗೆ ಇತ್ತು, ಚೆನ್ನಾಗಿ ಕೇಳಿಸುತ್ತಿತ್ತು. ರೆಕಾರ್ಡಿಂಗಿನಲ್ಲಿ ನೋಡಿದರೆ ಶ್ರುತಿ ಒಮ್ಮೆ ಇರುತ್ತದೆ, ಒಮ್ಮೆ ಇಲ್ಲ. ಆಮೇಲೆ ಅರ್ಥವಾಯಿತು. ಫೋನಿನಲ್ಲಿ ಗದ್ದಲ ತೆಗೆಯುವ ನಾಯ್ಸ್ ರಿಡಕ್ಷನ್ ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗದ್ದಲ ಅಂತ ಲೆಕ್ಕ ಹಾಕಿ ತೆಗೆದುಬಿಡುತ್ತದೆ. ತಂಬೂರಿಯೂ ಒಂದೇ ಸಮನೆ ಬರುವ ಸದ್ದೇ. ನೀಳವಾಗಿ ಹಿಡಿದ ಷಡ್ಜವನ್ನೂ (‘ಸ’ ಸ್ವರ) ಅದು ಬಿಡುವುದಿಲ್ಲ, ಕೊನೆಯಲ್ಲಿ ದನಿ ಕುಗ್ಗಿಹೋಗುತ್ತದೆ. ಸದ್ದಿನ ಮಟ್ಟವನ್ನು ಫೋನೇ ಏರಿಸಿ ಇಳಿಸುವ ಆಟೋ ಗೇನ್ ಇನ್ನೊಂದು ಕಾಟ. ನೀವು ಉಸಿರು ತೆಗೆದುಕೊಂಡ ಕೂಡಲೇ ಹಿಂದಿನ ಸದ್ದೆಲ್ಲ ಉಬ್ಬಿ ಬರುತ್ತದೆ. ಶ್ರುತಿಯೇ ಅಲ್ಲಾಡಿದರೆ ಮಗು ಯಾವುದನ್ನು ಹಿಡಿದು ಹಾಡಬೇಕು?

ಈಗ ನಾನು ಮಾಡುವುದು ಇಷ್ಟು. ಒಂದು ಫೋನಿನಲ್ಲಿ ಚಿತ್ರ. ಇನ್ನೊಂದು ಹಳೆ ಫೋನಿಗೆ ಸಾವಿರ ರೂಪಾಯಿ ಒಳಗಿನ ವೈರ್ ಇರುವ ಕಾಲರ್ ಮೈಕ್ ಚುಚ್ಚಿ, ನಾಯ್ಸ್ ರಿಡಕ್ಷನ್ ಮತ್ತು ಆಟೋ ಗೇನ್ ಆಫ್ ಮಾಡಲು ಬಿಡುವ ರೆಕಾರ್ಡರ್ ಆ್ಯಪಿನಲ್ಲಿ ಸದ್ದು. ಆ್ಯಪಿನ ಸೆಟ್ಟಿಂಗಿನಲ್ಲಿ ವೇವ್ ಫೈಲ್, ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್. ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯುತ್ತೇನೆ, ಆಮೇಲೆ ಎರಡನ್ನೂ ಆ ಚಪ್ಪಾಳೆಗೆ ಕೂಡಿಸಿದರಾಯಿತು. ತಂಬೂರಿಯನ್ನು ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ ಹಾಡುತ್ತೇನೆ. ಅದೇ ತಂಬೂರಿಯ ಫೈಲನ್ನು ಆಮೇಲೆ ಆಡಾಸಿಟಿಯಲ್ಲಿ ಬೇರೆ ಟ್ರ್ಯಾಕಾಗಿ ಸೇರಿಸುತ್ತೇನೆ. ಎಡಿಟಿಂಗ್ ಶಾಟ್‌ಕಟ್‌ನಲ್ಲಿ. ಎರಡೂ ಕಂಪ್ಯೂಟರಿನ ಉಚಿತ ತಂತ್ರಾಂಶಗಳು. ಒಂದೊಂದು ತುಣುಕು ನಾಲ್ಕು ನಿಮಿಷ ದಾಟದಿರಲಿ. ಉದ್ದವಾದಷ್ಟೂ ತುಟಿಗೂ ದನಿಗೂ ಹೊಂದಾಣಿಕೆ ತಪ್ಪುತ್ತಾ ಹೋಗುತ್ತದೆ.

ಕೋಣೆಗೆ ಖರ್ಚು ಬೇಡ. ಎದುರಿಗೆ ಬಟ್ಟೆ ತುಂಬಿದ ಬೀರು ತೆರೆದಿಡಿ, ಹಿಂದೆ ರಜಾಯಿ ನೇತುಹಾಕಿ, ನೆಲಕ್ಕೆ ಜಮಖಾನ ಹಾಸಿ. ಫ್ಯಾನ್ ಆಫ್, ಫ್ರಿಜ್ ಆಫ್. ನಾನು ಬೆಳಗಿನ ಐದೂವರೆಗೆ ಕೂರುತ್ತೇನೆ, ಪಕ್ಕದ ಮನೆಯ ಕುಕ್ಕರ್ ಕೂಗುವುದರೊಳಗೆ ಮುಗಿಸಬೇಕು.

ಇನ್ನು ಪಾಠದ ಬಗ್ಗೆ. ಎದುರಿಗೆ ಕೂತ ಮಗುವಿಗೆ ನಾವು ಒಂದು ಸಾಲು ಹಾಡಿ ಸುಮ್ಮನಾಗುತ್ತೇವೆ, ಅದು ತಿರುಗಿ ಹಾಡುತ್ತದೆ. ವಿಡಿಯೊದಲ್ಲಿ ಹೆಚ್ಚಿನವರು ಈ ಜಾಗವನ್ನೇ ಮರೆಯುತ್ತಾರೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 60 ಎಣಿಕೆಯಲ್ಲಿ ಆದಿ ತಾಳದ ಒಂದು ಆವರ್ತ, ಅಂದರೆ 8 ಎಣಿಕೆಯ ಒಂದು ಸುತ್ತು, 8 ಸೆಕೆಂಡು. ಮೊದಲ ಸರಳೆ ವರಸೆಯ ಆರೋಹಣ, ಅವರೋಹಣ ಒಂದನೇ ಕಾಲದಲ್ಲಿ (ಎಣಿಕೆಗೆ ಒಂದು ಸ್ವರ) 16 ಸೆಕೆಂಡು, ಎರಡನೇ ಕಾಲದಲ್ಲಿ (ಎಣಿಕೆಗೆ ಎರಡು) 8, ಮೂರನೇ ಕಾಲದಲ್ಲಿ (ಎಣಿಕೆಗೆ ನಾಲ್ಕು) 4. ನೀವು ಹಾಡಿದಷ್ಟೇ ಹೊತ್ತು ಮಗುವಿಗೂ ಬಿಡಿ. ಆಗ ತಂಬೂರಿ ನಿಲ್ಲಬಾರದು, ನಿಮ್ಮ ತಾಳದ ಕೈಯೂ ನಿಲ್ಲಬಾರದು. ಎಡಿಟ್ ಮಾಡುವಾಗ ಆ ಖಾಲಿ ಜಾಗ ಬೇಜಾರು ಅನ್ನಿಸುತ್ತದೆ, ಕತ್ತರಿಸಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಕತ್ತರಿಸಬೇಡಿ. ಪಾಠ ನಡೆಯುವುದೇ ಅಲ್ಲಿ.

ಹಾಗಾಗಿ ಚಿತ್ರದಲ್ಲಿ ಮುಖ ಮಾತ್ರ ತುಂಬಿಕೊಂಡರೆ ಪ್ರಯೋಜನವಿಲ್ಲ. ತೊಡೆಯ ಮೇಲಿನ ಪೆಟ್ಟು, ಬೆರಳೆಣಿಕೆ, ಹುಸಿ (ಅಂಗೈ ಮೇಲೆ ಮಾಡಿ ಹಾಕುವುದು), ತಾಳದ ಎಲ್ಲ ಭಾಗ ಕಾಣಬೇಕು. ಕಿಟಕಿ ಬೆಳಕು ಸಾಕು. ಟ್ಯೂಬ್‌ಲೈಟ್ ಹಾಕಲೇಬೇಕಾದರೆ ಕ್ಯಾಮೆರಾದ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಬೇರೆ ವೇಗ ಇಟ್ಟರೆ ಗೋಡೆ ಮೇಲೆ ಪಟ್ಟೆ ಓಡುತ್ತವೆ.

ಸ್ವರಗಳನ್ನು ಕನ್ನಡದಲ್ಲಿ ಟೈಪ್ ಮಾಡಲು ನಾನು ಎರಡು ವಾರ ಒದ್ದಾಡಿದೆ. ತಾರಸ್ಥಾಯಿಯ (ಮೇಲಿನ ಸ್ಥಾಯಿ) ಸ್ವರದ ಚುಕ್ಕೆ ಅಕ್ಷರದ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಈಗ ಡ್ರಾಯಿಂಗ್ ಶೀಟಿನಲ್ಲಿ ದಪ್ಪ ಪೆನ್ನಿನಿಂದ ಬರೆದು ಫೋಟೊ ತೆಗೆದು ಹಾಕುತ್ತೇನೆ. ಚೆನ್ನಾಗಿಯೇ ಕಾಣುತ್ತದೆ. ಜೊತೆಗೆ ನಿಮ್ಮ ಶ್ರುತಿ ಯಾವುದು ಅಂತ ಪ್ರತಿ ವಿಡಿಯೊದ ಶುರುವಿನಲ್ಲೇ ಹೇಳಿ.

ಹಕ್ಕಿನ ವಿಷಯಕ್ಕೂ ಒಂದು ಮಾತು. ನಮ್ಮಲ್ಲಿ ಕೃತಿಸ್ವಾಮ್ಯ ಇರುವುದು ರಚನಕಾರರು ತೀರಿಕೊಂಡ ಮೇಲೆ 60 ವರ್ಷ. ಮಕ್ಕಳಿಗೆ ಮೊದಲು ಹೇಳಿಕೊಡುವ ಪುರಂದರದಾಸರ ಪಿಳ್ಳಾರಿ ಗೀತೆಗಳಿಗೆ ಯಾವ ತೊಡಕೂ ಇಲ್ಲ. 1961ರಲ್ಲಿ ತೀರಿಕೊಂಡ ಮೈಸೂರು ವಾಸುದೇವಾಚಾರ್ಯರ ಕೃತಿಗಳ ಅವಧಿಯೂ 2021ರ ಕೊನೆಗೆ ಮುಗಿದಿದೆ. ಆದರೆ ಬೇರೆಯವರು ಹಾಡಿದ ರೆಕಾರ್ಡಿಂಗಿಗೆ ಅದರದೇ ಹಕ್ಕು ಇರುತ್ತದೆ, ಅದನ್ನು ತಂದು ಸೇರಿಸಬೇಡಿ.

ಮೊದಲ ವಿಡಿಯೊ ಆದ ಕೂಡಲೇ ಎಲ್ಲರಿಗೂ ಕಳಿಸಬೇಡಿ. ಹೊಸದಾಗಿ ಸೇರಿದ ಒಂದು ಮಗುವಿಗೆ ಹಾಕಿಕೊಟ್ಟು, ನೀವು ಬಾಗಿಲ ಆಚೆ ನಿಂತು ಕೇಳಿ. ನನ್ನ ಪುಟ್ಟ ಶಿಷ್ಯೆಯೊಬ್ಬಳು ಎರಡನೇ ಕಾಲಕ್ಕೆ ಬಂದಾಗ ಹಾಡುವುದನ್ನೇ ನಿಲ್ಲಿಸಿದಳು. ನಾನು ಮುನ್ಸೂಚನೆ ಕೊಡದೆ ಕಾಲ ಬದಲಿಸಿದ್ದೆ. ಅವತ್ತಿನಿಂದ ಕಾಲ ಬದಲಿಸುವ ಮುಂಚೆ ಒಂದು ಆವರ್ತ ಬರೀ ತಾಳ ಹಾಕುತ್ತೇನೆ.